ಐ-20 ಮೇಲಿನ ಆರು ಅಂಕಿ ನೋಡದೆ ಕೋರ್ಸ್ ಆರಿಸಬೇಡಿ

ಎಂಎಸ್, ಎಂಬಿಎ ಅಂತ ಅಮೆರಿಕಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೋರ್ಸಿನ ಹೆಸರು ನೋಡಿದೆ, ಫೀಸು ನೋಡಿದೆ, ಊರು ನೋಡಿದೆ. ಕೋಡ್ ನೋಡಲಿಲ್ಲ, ಅಂದರೆ ವೀಸಾಗಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ಕೋರ್ಸಿನ ಪಕ್ಕ ಇರುವ ಆರು ಅಂಕಿ. ಈಗ ದಾವಣಗೆರೆಗೆ ವಾಪಸ್ ಬಂದು 38 ಲಕ್ಷದ ಸಾಲ ತೀರಿಸುತ್ತಿದ್ದೇನೆ.

ನಾನು ಓದಿದ್ದು ಮೆಕ್ಯಾನಿಕಲ್ ಬಿಇ. 2022ರಲ್ಲಿ ಕನ್ಸಲ್ಟೆನ್ಸಿಯವರು ಎರಡು ಕೋರ್ಸ್ ತೋರಿಸಿದರು, ಎಂಬಿಎ ಮತ್ತು ಬಿಸಿನೆಸ್ ಅನಾಲಿಟಿಕ್ಸ್. "ಎಂಬಿಎಗೆ ಸಂಬಳ ಜಾಸ್ತಿ ಸರ್. ಸ್ಟೆಮ್ ಬಗ್ಗೆ ಚಿಂತೆ ಬೇಡ, ನಿಮ್ಮ ಬಿಇ ಇದೆಯಲ್ಲ" ಅಂದರು. ಸ್ಟೆಮ್ ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಕೋರ್ಸುಗಳು; ಅವನ್ನು ಓದಿದವರಿಗೆ ಅಲ್ಲಿ ಕೆಲಸ ಮಾಡಲು ಹೆಚ್ಚು ಸಮಯ ಸಿಗುತ್ತದೆ. ಅಪ್ಪ ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟರು. ಆಗಸ್ಟ್‌ನಲ್ಲಿ ನಾನು ಟೆಕ್ಸಸ್‌ನಲ್ಲಿದ್ದೆ.

ಗೊತ್ತಾಗಿದ್ದು ಎರಡು ವರ್ಷದ ಓದು ಮುಗಿಯುತ್ತಾ ಬಂದಾಗ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಒಪಿಟಿ ಅನ್ನುವ ಅನುಮತಿ ಬೇಕು. ಅದರ ಅರ್ಜಿ ತುಂಬಲು ನಾನೂ ನನ್ನ ರೂಮ್‌ಮೇಟೂ ಅಡುಗೆಮನೆಯ ಮೇಜಿನ ಮೇಲೆ ಐ-20 ಹರಡಿಕೊಂಡು ಕೂತೆವು. ಅವನು ಹಾಸನದ ಹುಡುಗ, ಅನಾಲಿಟಿಕ್ಸ್ ಓದಿದವನು. ನನ್ನ ಕೋರ್ಸಿನ ಪಕ್ಕ 52.0201 ಅಂತಿತ್ತು. ಅವನದರಲ್ಲಿ 52.1301. ಅರ್ಧಕ್ಕರ್ಧ ಕ್ಲಾಸು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕೇಳಿದ್ದೆವು. ಆದರೆ ಅವನ ಕೋಡ್ ಅಲ್ಲಿನ ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿತ್ತು, ನನ್ನದು ಇರಲಿಲ್ಲ.

ಇದರ ಅರ್ಥ ಇಷ್ಟು: ನನಗೆ ಒಪಿಟಿ 12 ತಿಂಗಳು. ಅವನಿಗೆ ಇನ್ನೂ 24 ಸೇರಿ 36 ತಿಂಗಳು. ಆಮೇಲೂ ಅಲ್ಲಿ ಕೆಲಸ ಮುಂದುವರಿಸಲು ಬೇಕಾದ ಎಚ್-1ಬಿ ವೀಸಾದ ಲಾಟರಿ ವರ್ಷಕ್ಕೊಂದು ಸಲ, ಮಾರ್ಚ್‌ನಲ್ಲಿ. ಅವನಿಗೆ ಮೂರು ಅವಕಾಶ, ನನಗೆ ಒಂದೇ. ಇನ್ನು ನನ್ನ ಬಿಇ? ಹಿಂದಿನ ಡಿಗ್ರಿಯ ಮೇಲೆ ಸ್ಟೆಮ್ ಕೇಳಬೇಕಾದರೆ ಅದು ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನದೇ ಆಗಿರಬೇಕು. ಕನ್ಸಲ್ಟೆನ್ಸಿಯವರು ಹೇಳಿದ್ದು ಶುದ್ಧ ಸುಳ್ಳು. ಅದನ್ನು ಪರೀಕ್ಷಿಸದೆ ನಂಬಿದ್ದು ನನ್ನ ತಪ್ಪು.

ಆಮೇಲೆ ಇಂಟರ್‌ವ್ಯೂಗಳು. "ಸ್ಟೆಮ್ ಒಪಿಟಿ ಸಿಗುತ್ತಾ?" ಅಂತ ಮೊದಲೇ ಕೇಳುತ್ತಿದ್ದರು. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗೀತು. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಕ್ಯಾಲೆಂಡರ್ ಮೇಲೆ ದಿನ ಹೊಡೆಯುತ್ತಾ ಬಂದೆ. 74ನೇ ದಿನ ಕೆಲಸ ಸಿಕ್ಕಿತು. 2025ರ ಲಾಟರಿಯಲ್ಲಿ ಹೆಸರು ಬರಲಿಲ್ಲ. ಜೂನ್‌ಗೆ ಒಪಿಟಿ ಮುಗಿಯಿತು, ಹೊರಡಲು 60 ದಿನ. ಆಗಸ್ಟ್ ಕೊನೆಗೆ ಮನೆ ಸೇರಿದೆ. ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಹೊರಗಿರುವವರಿಗೆ ಹೊಸ ಎಚ್-1ಬಿ ಬೇಕಿದ್ದರೆ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ಈಗ ನನಗೆ ಕಂತು ತಿಂಗಳಿಗೆ 50 ಸಾವಿರದ ಮೇಲೆ.

ಐ-20 ಕೈಗೆ ಬರುವುದು ಸೀಟು ಒಪ್ಪಿಕೊಂಡ ಮೇಲೆ. ಅಷ್ಟರಲ್ಲಿ ಎಷ್ಟೋ ಕಡೆ ಡೆಪಾಸಿಟ್ ಕಟ್ಟಿರುತ್ತೀರಿ. ಅದಕ್ಕೇ ಮೊದಲೇ ಕಾಲೇಜಿಗೆ ನೀವೇ ಮೇಲ್ ಮಾಡಿ: "ಈ ಕೋರ್ಸಿನ ಸಿಐಪಿ ಕೋಡ್ ಯಾವುದು?" ಆ ಆರು ಅಂಕಿಯ ಹೆಸರೇ ಸಿಐಪಿ ಕೋಡ್. ಸ್ಟೆಮ್ ಹೌದಾ ಅಲ್ವಾ ಅಂತ ಮಾತ್ರ ಕೇಳಬೇಡಿ, ಸಂಖ್ಯೆಯನ್ನೇ ಕೇಳಿ. ಆ ಸಂಖ್ಯೆಯನ್ನು ಸರ್ಕಾರದ ಪಟ್ಟಿಯಲ್ಲಿ ನಿಮ್ಮ ಕಣ್ಣಾರೆ ನೋಡಿ. ಒಂದೇ ಹೆಸರಿನ ಕೋರ್ಸಿಗೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ಕೋಡ್ ಇರಬಹುದು.

ಹೋದ ವಾರ ಚಿಕ್ಕಮ್ಮನ ಮಗಳ ಜೊತೆ ಕೂತು ಮೂರು ಕಾಲೇಜಿಗೆ ಹೀಗೇ ಬರೆಸಿದೆ. ಎರಡು ಕಡೆಯಿಂದ ಮಾರನೇ ದಿನವೇ ಸಂಖ್ಯೆ ಬಂತು. ಮೂರನೆಯವರು ಬಣ್ಣದ ಬ್ರೋಷರ್ ಕಳಿಸಿದರು. ಆ ಹೆಸರನ್ನು ಅವಳೇ ಪೆನ್ನಿನಿಂದ ಹೊಡೆದು ಹಾಕಿದಳು.