ತುಮಕೂರಿನ ಭಾನುವಾರದ ನಟನೆ ಕ್ಲಾಸು: ಎರಡು ತಿಂಗಳು ಅಪ್ಪಟ ಚಿನ್ನ, ಮೂರನೆಯದು ಬರೀ ನಾಟಕ

ಸಮಯ, ಪಠ್ಯಕ್ರಮ, ಮೇಷ್ಟ್ರು ಎಲ್ಲಿ ಕಲಿತವರು, ಇದೆಲ್ಲ ಕರಪತ್ರದಲ್ಲೇ ಇದೆ, ವಾಟ್ಸಾಪಲ್ಲಿ ಊರೆಲ್ಲ ಸುತ್ತಿದೆ. ಅದನ್ನು ಮತ್ತೆ ಬರೆಯಲ್ಲ. ಕ್ಲಾಸು ನಡೆಸುವ ನಾಟಕ ತಂಡದ ಹೆಸರೂ ಬೇಡ. ಒಂದು ಬ್ಯಾಚ್ ಮುಗಿಸಿ ಇನ್ನೊಂದಕ್ಕೂ ದುಡ್ಡು ಕಟ್ಟಿದ ಮೇಲೆ ಹೇಳಬಹುದಾದದ್ದು ಇಷ್ಟು: ಮೂರು ತಿಂಗಳ ಈ ಕೋರ್ಸಿನಲ್ಲಿ ಮೊದಲ ಎರಡು ತಿಂಗಳು ಕೊಟ್ಟ ದುಡ್ಡಿಗೆ ಮೀರಿದ್ದು. ಮೂರನೆಯ ತಿಂಗಳು ಪ್ರದರ್ಶನ ಅನ್ನೋದು ಬಂದು ಕ್ಲಾಸನ್ನೇ ನುಂಗಿಬಿಡುತ್ತೆ.

ಫೀಸು 4,500. ಬೆಂಗಳೂರಿನಲ್ಲೂ ವಾರಾಂತ್ಯದ ಇಂಪ್ರೊವೈಸೇಷನ್ (ಸ್ಕ್ರಿಪ್ಟಿಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುವ ನಟನೆ) ಕ್ಲಾಸುಗಳಿವೆ, ಆದರೆ ಇಲ್ಲಿಂದ 70 ಕಿಲೋಮೀಟರ್. ಎರಡು ಗಂಟೆಯ ಕ್ಲಾಸಿಗೆ ಭಾನುವಾರ ಪೂರ್ತಿ ಹೋಗುತ್ತೆ, ನೆಲಮಂಗಲದ ಹತ್ತಿರ ಟ್ರಾಫಿಕ್ಕಲ್ಲಿ ಒಂದಿಷ್ಟು ಆಯಸ್ಸೂ ಹೋಗುತ್ತೆ. ಹೆಗ್ಗೋಡಿನಲ್ಲಿ ನೀನಾಸಂನ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಅಲ್ಲಿ ಕಲಿಯಬೇಕಾದರೆ ಹತ್ತಿರ ಹತ್ತಿರ ವರ್ಷ ಅಲ್ಲೇ ಇರಬೇಕು. ಅಂಗಡಿ, ಸ್ಕೂಲು, ಬ್ಯಾಂಕು ಅಂತ ಕಾಲು ಕಟ್ಟಿಸಿಕೊಂಡ ನಲವತ್ತರ ಜನಕ್ಕೆ ಅದು ಆಗುವ ಮಾತಲ್ಲ. ಈ ಕ್ಲಾಸು ಆಗುವ ಮಾತು.

ಬೆಳಿಗ್ಗೆ 7ಕ್ಕೆ ಶುರು. ಮೊದಲು ಬಂದವರು ಕಸ ಗುಡಿಸಬೇಕು, ಆಮೇಲೆ ಬಂದವರು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು. ಇದು ಭಕ್ತಿಯ ವಿಷಯವಲ್ಲ. ಮುಂದಿನ ಎರಡೂವರೆ ಗಂಟೆ ಬರಿಗಾಲಲ್ಲಿ ಓಡಬೇಕು, ಮಲಗಬೇಕು, ಹೊರಳಬೇಕು. ಒಂದು ಕಡ್ಡಿ ಚೂರು ಸಾಕು ಗಮನ ಪೂರ್ತಿ ಅಂಗಾಲಿಗೆ ಇಳಿಯೋಕೆ. ಜಮಖಾನವನ್ನು ಹಾಲಿನ ಅರ್ಧಕ್ಕೆ ಮಾತ್ರ ಹಾಸುತ್ತಾರೆ. ಪೂರ್ತಿ ಹಾಸಿದರೆ ಕಾಲು ಜಾರುತ್ತೆ, ಹಾಸದೇ ಬಿಟ್ಟರೆ ಸಿಮೆಂಟು ನೆಲ, ಶೀಟಿನ ಮಾಡು ಸೇರಿ ಮಾತೆಲ್ಲ ಗುಂಯ್ ಅನ್ನುತ್ತೆ. ಮಳೆ ಬಂದರೆ ಏನೂ ಕೇಳಿಸಲ್ಲ, ಆಗ ಮೇಷ್ಟ್ರು ಮಾತಿಲ್ಲದ ಅಭ್ಯಾಸಗಳಿಗೆ ಹೊರಳುತ್ತಾರೆ. ವಾಚು, ಉಂಗುರ, ಬಳೆ ಬಿಚ್ಚಿ ಚೀಲಕ್ಕೆ. ಜೀನ್ಸ್ ಬೇಡ, ಮಂಡಿ ಮಡಚೋಕೆ ಆಗಲ್ಲ. ಸಡಿಲವಾದ ಕಾಟನ್ ಪೈಜಾಮ ಸಾಕು. ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗುತ್ತೆ ಅಂತ ಮೊದಲೇ ತಿಂದು ಬರಬೇಡಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಯಲ್ಲಿದ್ದರೆ ಉಸಿರಾಟದ ಅಭ್ಯಾಸದಲ್ಲಿ ಗೊರಕೆ ಗ್ಯಾರಂಟಿ. ಕ್ಲಾಸು ಮುಗಿದ ಮೇಲೆ ತಿನ್ನಿ, ರುಚಿ ಜಾಸ್ತಿ.

ಉಸಿರಾಟ ಶುರುವಾಗೋದು ಅಂಗಾತ ಮಲಗಿ, ಮಂಡಿ ಮೇಲೆತ್ತಿ, ಹೊಟ್ಟೆಯ ಮೇಲೆ ಒಂದು ಕೈ ಇಟ್ಟು. ನಾಲ್ಕು ಎಣಿಸುತ್ತ ಒಳಗೆ, 'ಸ್' ಅಂತ ಹನ್ನೆರಡು ಎಣಿಸುತ್ತ ಹೊರಗೆ. ಎರಡು ತಿಂಗಳಲ್ಲಿ ಇದು ಇಪ್ಪತ್ತಕ್ಕೆ ಬರಬೇಕು. ಬರದವರನ್ನು ನೋಡಿದರೆ ಭುಜ ಮೇಲೇಳುತ್ತಿರುತ್ತೆ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿದೆ ಅಂತ ಅರ್ಥ. ನಿಂತು ಮಾಡಿದರೆ ಇದು ಗೊತ್ತಾಗಲ್ಲ, ಮಲಗಿದರೆ ತಕ್ಷಣ ಗೊತ್ತಾಗುತ್ತೆ. ಆಮೇಲೆ ಬಾಯಿ ಮುಚ್ಚಿ 'ಮ್' ಅಂತ ಗುನುಗುವುದು, ತುಟಿ ಮತ್ತು ಮೂಗಿನ ಬುಡ ಅದುರುವವರೆಗೆ. ಕೂಗುವ ಅಭ್ಯಾಸ ಇದಾದ ಮೇಲೇ. ಹೊಸಬರು ಇದನ್ನು ಹಾರಿಸಿ ಗಂಟಲಲ್ಲಿ ಕಿರುಚಿ ಸೋಮವಾರ ದನಿ ಕಳೆದುಕೊಳ್ಳುತ್ತಾರೆ. ಬ್ಯಾಚಿನಲ್ಲಿ ಕಲಿಯೋಕೆ ಬರುವವರಲ್ಲಿ ಸ್ಕೂಲು ಮೇಷ್ಟ್ರು, ಟೀಚರುಗಳೇ ಜಾಸ್ತಿ, ಅವರಿಗೆ ಸೋಮವಾರ ಮೊದಲ ಪೀರಿಯಡ್ಡೇ ಇರುತ್ತೆ. ಸ್ಟೀಲ್ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ಒಯ್ಯಿರಿ.

ನಾಲಿಗೆ ಸುರುಳಿಯ ಆಟಕ್ಕೆ ಎಲ್ಲರಿಗೂ ಗೊತ್ತಿರೋ 'ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ'ಯೇ. ವ್ಯತ್ಯಾಸ ಏನಂದರೆ ಇಲ್ಲಿ ವೇಗವಾಗಿ ಹೇಳಿಸಲ್ಲ, ಗೋಡೆಯ ಹತ್ತಿರ ನಿಂತವರಿಗೆ ಪಿಸುಮಾತಿನಲ್ಲೇ ಒಂದೊಂದು ಅಕ್ಷರವೂ ತಲುಪಬೇಕು. ನಮ್ಮ ಕಡೆಯವರ ಹಳೇ ಕಾಯಿಲೆ, 'ಹ' ನುಂಗಿ 'ಅ' ಹೇಳೋದು: ಹಸು ಅಸುವಾಗುತ್ತೆ, ಹಾಲು ಆಲಾಗುತ್ತೆ. ಬರೆದ ಮಾತು ಹೇಳುವಾಗ ಮೇಷ್ಟ್ರು ಇದನ್ನು ಬಿಡದೆ ತಿದ್ದುತ್ತಾರೆ. ಇಂಪ್ರೊವೈಸೇಷನ್ ಶುರುವಾದ ಮೇಲೆ ಮುಟ್ಟಲ್ಲ. ಅಲ್ಲಿ ತಿದ್ದಿದರೆ ಜನ ಪುಸ್ತಕದ ಭಾಷೆಗೆ ಏರಿಬಿಡುತ್ತಾರೆ, 'ಬತ್ತೀನಿ ಕಣಣ್ಣ' ಅನ್ನಬೇಕಾದವರು 'ನಾನು ಬರುತ್ತೇನೆ ಸಹೋದರ' ಅಂತಾರೆ, ದೃಶ್ಯ ಅಲ್ಲೇ ಸಾಯುತ್ತೆ. ಈ ಒಂದು ವಿವೇಕಕ್ಕೇ ಮೇಷ್ಟ್ರಿಗೆ ಪೂರ್ತಿ ಅಂಕ.

ಈಗ ಅಸಲು ವಿಷಯಕ್ಕೆ. ಇಲ್ಲಿನ ಆಟಗಳಲ್ಲಿ ಬಹುಪಾಲು, ಆಟಗಳ ಮೂಲಕವೇ ಇಂಪ್ರೊವೈಸೇಷನ್ ಕಲಿಸಿದ ಶಿಕಾಗೊದ ವಯೋಲಾ ಸ್ಪೋಲಿನ್ ಮತ್ತು ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್ ಅವರ ದಾರಿಯವು. ದೊಡ್ಡವರು ಮೊದಮೊದಲು 'ಏನಿದು ಮಕ್ಕಳಾಟ' ಅಂತ ಮುಖ ಮಾಡುತ್ತಾರೆ. ಮೂರನೇ ವಾರಕ್ಕೆ ಅದೇ ಜನ ಗುಡಿಸೋಕೆ ಬೇಗ ಬರುತ್ತಾರೆ.

ವೃತ್ತದಲ್ಲಿ ನಿಂತು ಚಪ್ಪಾಳೆ ದಾಟಿಸುವುದು ಮೊದಲನೆಯದು. ಕಣ್ಣು ಮೊದಲು, ಚಪ್ಪಾಳೆ ಆಮೇಲೆ. ಕೆಡುವುದು ಯಾವಾಗಲೂ ಒಂದೇ ಕಾರಣಕ್ಕೆ: ವೇಗದ ಆಸೆಗೆ ಕಣ್ಣು ಸೇರುವ ಮುಂಚೆ ಕೈ ಹೋಗಿರುತ್ತೆ. ಆಮೇಲೆ ಗುಂಪಾಗಿ ಒಂದರಿಂದ ಇಪ್ಪತ್ತು ಎಣಿಸುವ ಆಟ. ಯಾರು ಬೇಕಾದರೂ ಮುಂದಿನ ಸಂಖ್ಯೆ ಹೇಳಬಹುದು, ಸನ್ನೆ ಮಾಡುವಂತಿಲ್ಲ, ಇಬ್ಬರು ಒಟ್ಟಿಗೆ ಹೇಳಿದರೆ ಮತ್ತೆ ಒಂದರಿಂದ. ಏಳೆಂಟರಲ್ಲೇ ಮುರಿದು ಬೀಳುತ್ತಿರುತ್ತೆ, ಯಾರೋ ಒಬ್ಬರು ನಾಯಕರಾಗಲು ಹೊರಟಿರುತ್ತಾರೆ. ಅವರು ಸುಮ್ಮನಾದ ದಿನ ಇಪ್ಪತ್ತು ತಾನಾಗಿ ಬರುತ್ತೆ. ಕನ್ನಡಿ ಆಟದಲ್ಲಿ ಇಬ್ಬರು ಒಂದು ತೋಳಿನ ಅಂತರದಲ್ಲಿ ನಿಲ್ಲಬೇಕು, ಎದುರಿನವರ ಕೈ ನೋಡಬಾರದು, ಕಣ್ಣು ನೋಡಬೇಕು. ಕೈಯ ಚಲನೆ ಅಂಚಿನ ನೋಟಕ್ಕೆ ಸಿಗುತ್ತೆ. ಮುಂದಾಳು ಗಕ್ಕನೆ ತಿರುಗಿ ಹಿಂಬಾಲಿಸುವವರನ್ನು ಸೋಲಿಸಿದರೆ ಆಟ ಕೆಟ್ಟಿತು. ಯಾರು ಮುಂದೆ, ಯಾರು ಹಿಂದೆ ಅಂತ ನೋಡುವವರಿಗೆ ತಿಳಿಯಬಾರದು, ಅಷ್ಟು ನಿಧಾನ.

ಮಾತಿನ ಇಂಪ್ರೊವೈಸೇಷನ್‌ಗೆ ಮೂಲ ನಿಯಮ: ಎದುರಿನವರು ಕೊಟ್ಟದ್ದನ್ನು ಒಪ್ಪಬೇಕು, ಅದಕ್ಕೊಂದು ಸೇರಿಸಬೇಕು. ಹೇಳೋಕೆ ಸುಲಭ. ಒಬ್ಬರು "ಅಣ್ಣಾ, ಈ ಚೇಳೂರು ಹಲಸಿನಹಣ್ಣು ಎಷ್ಟು?" ಅಂದರು ಅಂತಿಟ್ಟುಕೊಳ್ಳಿ. ಎದುರಿನವರು "ಹಲಸಲ್ಲ ಕಣಯ್ಯ, ಇದು ಫುಟ್‌ಬಾಲು" ಅಂದರೆ ಎಲ್ಲ ಗೊಳ್ಳಂತ ನಗುತ್ತಾರೆ, ದೃಶ್ಯಕ್ಕೆ ಮುಂದೆ ಹೋಗಲು ಜಾಗವೇ ಇಲ್ಲ. ಅದೇ "ನೂರು ರೂಪಾಯಿ. ಆದ್ರೆ ಬೆಳಿಗ್ಗೆಯಿಂದ ಇದ್ರೊಳಗೆ ಯಾರೋ ಕೆಮ್ತಾವ್ರೆ" ಅಂದರೆ? ಹಣ್ಣು ಹಣ್ಣಾಗೇ ಉಳಿಯಿತು, ವ್ಯಾಪಾರ ಉಳಿಯಿತು, ಹತ್ತು ನಿಮಿಷಕ್ಕಾಗುವಷ್ಟು ಕಥೆ ಹುಟ್ಟಿತು. ಅಡ್ಡ ಹಾಕಿ ನಗಿಸುವವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರಿರುತ್ತಾರೆ. ಮನೆಯ ಫಂಕ್ಷನ್ನುಗಳಲ್ಲಿ ಅವರಿಗೆ ಒಳ್ಳೆ ಹೆಸರು. ಇಲ್ಲಿ ಅವರಿಗೇ ಕಷ್ಟ ಜಾಸ್ತಿ. ಪ್ರಶ್ನೆ ಕೇಳುತ್ತಾ ಹೋಗುವುದೂ ಇದೇ ದೋಷದ ಇನ್ನೊಂದು ರೂಪ. "ಏನ್ ಮಾಡ್ತಿದೀಯ? ಎಲ್ಲಿಗೆ ಹೊರಟೆ?" ಅಂದರೆ ಕಟ್ಟುವ ಹೊರೆಯೆಲ್ಲ ಎದುರಿನವರ ತಲೆ ಮೇಲೆ. ಅದಕ್ಕೇ ಒಂದು ವಾರ ಪ್ರಶ್ನೆಗೇ ನಿಷೇಧ.

ಮೊದಲ ಮೂರು ಮಾತಿನೊಳಗೆ ಯಾರು, ಎಲ್ಲಿ, ಇಬ್ಬರ ನಂಟೇನು ಅನ್ನೋದು ತಿಳಿಯಬೇಕು ಅನ್ನುವುದು ಇನ್ನೊಂದು ನಿಯಮ. ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ನಿಲ್ಲಿಸಿ 'ತಾವು ಯಾರು, ಎಲ್ಲಿಂದ ಬಂದಿರಿ' ಅಂತ ಬಾಯಿ ಬಿಡಿಸುತ್ತಾನಲ್ಲ, ಕೆಲಸ ಅದೇ. ಇಲ್ಲಿ ಸಾರಥಿ ಇರಲ್ಲ, ಅಷ್ಟೇ. ಮೇಷ್ಟ್ರು ಬಯಲಾಟದ ಈ ಹೋಲಿಕೆಯನ್ನು ಒಂದು ಸಲ ಹೇಳಿ ಬಿಟ್ಟರೆ ಸಾಕಿತ್ತು, ಅದಕ್ಕೊಂದು ಗಂಟೆ ಭಾಷಣ ಬೇಕಿರಲಿಲ್ಲ.

ನನ್ನ ಮಟ್ಟಿಗೆ ಇಡೀ ಕೋರ್ಸಿನ ತಿರುಳು ಅಂದರೆ ಅಂತಸ್ತಿನ ಅಭ್ಯಾಸ, ಅಂದರೆ ದೃಶ್ಯದಲ್ಲಿ ಯಾರು ಮೇಲು, ಯಾರು ಕೆಳಗೆ ಅನ್ನೋದನ್ನು ಆಡಿ ತೋರಿಸುವುದು. ಇದು ಜಾನ್‌ಸ್ಟನ್ ಕೊಟ್ಟದ್ದು. ಇಸ್ಪೀಟಿನ ಎಲೆಯೊಂದನ್ನು ನೋಡದೆ ಹಣೆಗೆ ಹಿಡಿದುಕೊಳ್ಳಬೇಕು. ಉಳಿದವರು ಅದರ ಅಂಕಿ ನೋಡಿ ಅದಕ್ಕೆ ತಕ್ಕ ಮರ್ಯಾದೆ ಕೊಡುತ್ತಾರೆ, ನಿಮ್ಮ ಅಂಕಿ ಎಷ್ಟೆಂದು ನೀವೇ ಅಂದಾಜು ಮಾಡಬೇಕು. ಆಮೇಲೆ ತಿಪಟೂರಿನ ಕೊಬ್ಬರಿ ಮಂಡಿಯ ದೃಶ್ಯ: ದಲ್ಲಾಳಿ, ರೈತ, ಆರೇ ಆರು ಮಾತು. ಮಾತು ಬದಲಾಯಿಸದೆ ಅಂತಸ್ತು ಮಾತ್ರ ತಿರುಗಿಸಬೇಕು. ಉಪಾಯ ದೇಹದಲ್ಲಿದೆ. ತಲೆ ಅಲ್ಲಾಡಿಸದೆ ಮಾತಾಡಿದರೆ ಅಂತಸ್ತು ಏರುತ್ತೆ. ಮುಖ ಮುಟ್ಟಿಕೊಂಡರೆ, ವಾಕ್ಯದ ಮೊದಲು 'ಅ…' ಅಂತ ಎಳೆಯದೆ ಗಿಡ್ಡಗೆ ತೊದಲಿದರೆ ಇಳಿಯುತ್ತೆ. ದನಿ ಏರಿಸುವುದೇ ದರ್ಪ ಅಂದುಕೊಂಡವರು ಇದರಲ್ಲಿ ಎಡವುತ್ತಾರೆ. ಕಿರುಚುವ ದಲ್ಲಾಳಿಗಿಂತ ಸುಮ್ಮನೆ ಕೊಬ್ಬರಿ ತಿರುಗಿಸಿ ನೋಡುವ ದಲ್ಲಾಳಿಗೆ ರೈತ ಹೆಚ್ಚು ಹೆದರುತ್ತಾನೆ.

ಅರ್ಥವಿಲ್ಲದ ಭಾಷೆಯಲ್ಲಿ ಸಾಮಾನು ಮಾರುವ ಆಟ ಅಷ್ಟಕ್ಕಷ್ಟೇ. ಪಾವಗಡದ ಕಡೆಯವರು ತೆಲುಗಿಗೆ ಜಾರುತ್ತಾರೆ, ಉಳಿದವರು ಹಿಂದಿ ಸಿನಿಮಾದ ವಿಲನ್ ಆಗುತ್ತಾರೆ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಒಂಬತ್ತನೇ ವಾರ ಸ್ಕ್ರಿಪ್ಟು ಬರುತ್ತೆ.

ದೋಷ ಪೂರ್ತಿ ತಂಡದ್ದು ಅಂತ ಹೇಳೋಕಾಗಲ್ಲ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ಇದು. ಇಲ್ಲಿ ದೊಡ್ಡವರಿಗೆ ನಟನೆ ಕಲಿಸುವ ವ್ಯವಸ್ಥೆ ಮೊದಲಿನಿಂದ ಇದೆ, ಅದರ ಹೆಸರು ಹಾರ್ಮೋನಿಯಂ ಮೇಷ್ಟ್ರು. ಊರವರು ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ, ಹಾಡು, ಮಾತು ಕಲಿಸೋದು ಈ ಮೇಷ್ಟ್ರೇ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕುತ್ತಾರೆ, ದೊಡ್ಡ ಪಾತ್ರಕ್ಕೆ ಹೆಚ್ಚು. ಆ ದುಡ್ಡಲ್ಲೇ ಮೇಷ್ಟ್ರು, ಸೀನರಿ, ಲೈಟು. ಅದೊಂದು ನ್ಯಾಯವಾದ ಲೆಕ್ಕಾಚಾರ. ಆದರೆ ಅದೇ ಲೆಕ್ಕ ಈ ಕ್ಲಾಸಿಗೂ ಬಂದು ಕೂತಿದೆ: ಫೀಸು ಕಟ್ಟಿದ್ದೀನಿ, ನನ್ನ ಪಾತ್ರ ಎಲ್ಲಿ? ಮನೆಯವರು ಬಂದು ನೋಡಬೇಕು, ಫೋಟೋ ಆಗಬೇಕು. ಕಲಿಯುವವರೇ ಕೇಳುತ್ತಾರೆ, ತಂಡ ಕೊಡುತ್ತೆ.

ಕೊಟ್ಟಾಗ ಆಗುವುದೇನು? ಹದಿನಾಲ್ಕು ಜನರಿಗೆ ಒಂದು ನಾಟಕ ಅಂದರೆ ಮೂರು ದೊಡ್ಡ ಪಾತ್ರ, ಐದು ಚಿಕ್ಕವು, ಉಳಿದವರು ಸೈನಿಕರು ಅಥವಾ ಊರ ಜನ. ಎರಡೂವರೆ ಗಂಟೆಯಲ್ಲಿ ಊರ ಜನ ಎರಡು ಗಂಟೆ ಜಮಖಾನದ ಮೇಲೆ ಕೂತು ಫೋನು ತಿಕ್ಕುತ್ತಾರೆ. ಉಸಿರಾಟ ಹತ್ತು ನಿಮಿಷಕ್ಕಿಳಿಯುತ್ತೆ, ವೃತ್ತ ಇಲ್ಲವೇ ಇಲ್ಲ. ದೊಡ್ಡ ಪಾತ್ರದವರು ಮನೆಯಲ್ಲೇ ಮಾತಿನ ಜೊತೆಗೆ ಅದರ ರಾಗವನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ; ಎದುರಿನವರು ಅತ್ತರೂ ನಕ್ಕರೂ ಇವರ ರಾಗ ಅದೇ. ಎರಡು ತಿಂಗಳು ಕಲಿತ ಕೇಳಿಸಿಕೊಳ್ಳುವ ವಿದ್ಯೆ ಹದಿನೈದು ದಿನದಲ್ಲಿ ಅಳಿಸಿಹೋಗುತ್ತೆ. ಮಾತು ಕಂಠಪಾಠ ಮಾಡಲೇಬೇಕಿದ್ದರೆ ದಾರಿ ಬೇರೆ: ಭಾವ ಹಾಕದೆ, ಸಪಾಟಾಗಿ, ನಡೆಯುತ್ತಾ ಕಲಿಯಬೇಕು, ಎದುರಿನವರ ಕೊನೆಯ ಮಾತನ್ನು ಮೊದಲು ಕಲಿತು ಆಮೇಲೆ ತಮ್ಮದನ್ನು. ಇದನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಪಾತ್ರ ಹಂಚಿ ಎರಡು ವಾರದಲ್ಲಿ ಪುಸ್ತಕ ಬಿಡಿ ಅಂತಾರೆ, ಅಷ್ಟೇ.

ಇದರ ಮೇಲೆ ವೇಷಭೂಷಣ, ಲೈಟಿಗೆಂದು ತಲೆಗೆ 1,500. ಕರಪತ್ರದಲ್ಲಿ ಇದರ ಸುದ್ದಿ ಇಲ್ಲ.

ಹಾಗಂತ ಪೂರ್ತಿ ಬೈಯುವ ಹಾಗೂ ಇಲ್ಲ. ಇಬ್ಬರು ಮೇಷ್ಟ್ರಲ್ಲಿ ಕಿರಿಯವರು ಒಂದು ಕೆಲಸ ಮಾಡುತ್ತಾರೆ: ದೃಶ್ಯವನ್ನು ಮೊದಲು ಸ್ಕ್ರಿಪ್ಟಿಲ್ಲದೆ, ಅವರವರ ಮಾತಿನಲ್ಲೇ ಆಡಿಸುತ್ತಾರೆ. ಯಾರಿಗೆ ಏನು ಬೇಕು, ಯಾರು ಅಡ್ಡ ನಿಂತಿದ್ದಾರೆ ಅನ್ನುವುದಷ್ಟೇ ಕೊಡುತ್ತಾರೆ. ಎರಡು ಸಲ ಹಾಗೆ ಆಡಿದ ಮೇಲೆ ಪುಸ್ತಕದ ಮಾತಿಗೆ ಮರಳಿದರೆ ಆ ರಾಗ ಅರ್ಧಕ್ಕರ್ಧ ಬಿದ್ದುಹೋಗಿರುತ್ತೆ. ಊರ ಜನಕ್ಕೂ ಅವರು ಅಂತಸ್ತಿನ ಅಂಕಿ ಹಂಚುತ್ತಾರೆ, ಹಿಂದೆ ನಿಂತವರಿಗೂ ಮಾಡಲು ಏನೋ ಇರುತ್ತೆ. ಅವರ ಪಾಳಿಯ ಭಾನುವಾರಗಳಲ್ಲಿ ತಾಲೀಮೇ ಕ್ಲಾಸಾಗುತ್ತೆ. ಹಿರಿಯರ ಪಾಳಿಯಲ್ಲಿ ಮತ್ತೆ 'ನೀನು ಎಡಕ್ಕೆ ಬಾ, ನೀನು ಬಲಕ್ಕೆ ಹೋಗು'.

ಹಾಗಾಗಿ ಸೇರುವವರು ಮೊದಲು ಎರಡು ವಿಷಯ ಕೇಳಿ. ಎಂಟು ವಾರಕ್ಕೆ ಮಾತ್ರ ಫೀಸು ಕಟ್ಟಬಹುದಾ? ಜೋರಾಗಿ ಕೇಳಿದರೆ 3,000ಕ್ಕೆ ಒಪ್ಪುತ್ತಾರೆ, ಕರಪತ್ರದಲ್ಲಿ ಹಾಕಿರಲ್ಲ. ತಾಲೀಮಿನ ತಿಂಗಳು ಯಾರ ಪಾಳಿ? ಕಿರಿಯವರದಾದರೆ ಪೂರ್ತಿ ಕಟ್ಟಿ. ರಂಗದ ಮೇಲೆ ಒಂದು ಸಲ ನಿಲ್ಲಲೇಬೇಕು ಅನ್ನುವ ಆಸೆ ಇದ್ದವರು ಈ ಲೆಕ್ಕವೆಲ್ಲ ಬಿಟ್ಟು ನಿಮ್ಮೂರಿನ ಕುರುಕ್ಷೇತ್ರಕ್ಕೇ ದುಡ್ಡು ಹಾಕಿ. ಅಲ್ಲಿ ಪಾತ್ರ ಯಾವುದೆಂದು ಮೊದಲೇ ಗೊತ್ತಿರುತ್ತೆ, ಹಾರ್ಮೋನಿಯಂ ಕಿವಿಗೆ ಬೋನಸ್ಸು. ವೇಷಭೂಷಣದ 1,500ಕ್ಕೆ ರಸೀದಿ ಕೊಡಲ್ಲ, ಕೇಳಿ ಬರೆಸಿಕೊಳ್ಳಿ. ಸೈನಿಕರಿಗೂ ರಾಜನಿಗೂ ಒಂದೇ ರೇಟು ಯಾಕೆ ಅಂತಲೂ ಕೇಳಿ.