ವಾಕಿ ಟಾಕಿ ಕೊಳ್ಳುವ ಮೊದಲು ಬ್ಯಾಟರಿ ಬಿಚ್ಚಿ ಒಳಗಿನ ಲೇಬಲ್ ನೋಡಿ

ಛತ್ರ ನಡೆಸುವವರು, ಕೇಟರಿಂಗ್ ಮಾಡುವವರು, ಸೆಕ್ಯುರಿಟಿ ಕಾಂಟ್ರಾಕ್ಟ್ ಹಿಡಿದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ವಾಕಿ ಟಾಕಿ ವಿಷಯದಲ್ಲಿ ನಾನು ಮೋಸ ಹೋಗಿದ್ದೇನೆ. 16,800 ರೂಪಾಯಿ ಹೋಯಿತು. ಅದು ಹೋಗಲಿ. ಮುಹೂರ್ತದ ಹೊತ್ತಿಗೆ ಮಂಟಪ ಕತ್ತಲಾಯಿತು, ಹುಡುಗಿಯ ತಂದೆಯ ಮುಂದೆ ತಲೆ ತಗ್ಗಿಸಿ ನಿಂತೆ, ಏನೂ ತಪ್ಪು ಮಾಡದ ಒಬ್ಬ ಹುಡುಗನ ಮೇಲೆ ಎಲ್ಲರೆದುರು ಕೂಗಾಡಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ನಮ್ಮ ಛತ್ರ ತುಮಕೂರಿನ ಹೊರಗಿದೆ. ಮೇಲೆ ಮುಹೂರ್ತದ ಹಾಲ್, ಕೆಳಗೆ ನೆಲಮಾಳಿಗೆಯಲ್ಲಿ ಊಟದ ಹಾಲ್, ಹಿಂದೆ ಅಡುಗೆಮನೆ, ಕಾಂಪೌಂಡಿನ ಮೂಲೆಯಲ್ಲಿ ಜನರೇಟರ್. ಇಂಥ ಕಡೆ ಫೋನ್ ನಂಬಿಕೊಂಡರೆ ಏನಾಗುತ್ತೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ವಾಲಗ ಊದುವಾಗ ರಿಂಗ್ ಕೇಳಿಸಲ್ಲ. ಬಡಿಸುವವರ ಕೈ ಅನ್ನ ಸಾರಿನಲ್ಲಿ. ನೆಲಮಾಳಿಗೆಗೆ ಇಳಿದರೆ ಟವರ್ ಇಲ್ಲ. ಎರಡನೇ ಪಂಕ್ತಿ ಎದ್ದಿತಾ, ಎಲೆ ಹಾಕಿದರಾ ಅಂತ ಕೇಳೋಕೆ ನಾನು ದಿನಕ್ಕೆ ನಲವತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಅದಕ್ಕೇ ಆರು ಸೆಟ್ ತಗೊಳ್ಳೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ.

ಅಂಗಡಿಯವರು ಒಳ್ಳೆ ಮರ್ಯಾದೆಯಿಂದ ಮಾತಾಡಿಸಿದರು. ಟೀ ತರಿಸಿದರು. "ಸರ್, ಇದು ಲೈಸೆನ್ಸ್ ಫ್ರೀ. 10 ಕಿಲೋಮೀಟರ್ ರೇಂಜ್. ಸೆಟ್ಟಿಗೆ 2,800." ಒಂದು ಸೆಟ್ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಹುಡುಗನೊಬ್ಬ ರಸ್ತೆ ದಾಟಿ ಹೋದ. "ಹಲೋ ಸರ್, ಕೇಳಿಸ್ತಾ ಇದೆಯಾ?" ಕೇಳಿಸಿತು. ಚೆನ್ನಾಗಿ ಕೇಳಿಸಿತು. ಅರವತ್ತು ಅಡಿ ದೂರದಿಂದ ಕೇಳಿಸಿದ್ದಕ್ಕೆ ನಾನು 16,800 ಎಣಿಸಿ ಕೊಟ್ಟೆ.

ಸೆಟ್ ಮೇಲೆ "446 ಲೈಸೆನ್ಸ್ ಫ್ರೀ, ಇಟಿಎ ಅಪ್ರೂವ್ಡ್" ಅಂತ ಸ್ಟಿಕ್ಕರ್ ಇತ್ತು. 446 ಅಂದರೆ ಸೆಟ್ ಕೆಲಸ ಮಾಡೋ ರೇಡಿಯೋ ಫ್ರೀಕ್ವೆನ್ಸಿ, ಇಟಿಎ ಅಂದರೆ ಇಂಥ ಸಲಕರಣೆಯ ಮಾಡೆಲ್‌ಗೆ ಸರ್ಕಾರ ಕೊಡೋ ಒಪ್ಪಿಗೆ. ಆನ್ ಮಾಡಿದಾಗ ಚೀನೀ ಭಾಷೆಯಲ್ಲಿ ಒಂದು ಹೆಂಗಸಿನ ದನಿ ಏನೋ ಹೇಳುತ್ತಿತ್ತು. ಅದೇನು ಅಂದೆ. "ಚಾನೆಲ್ ನಂಬರ್ ಸರ್, ಅಷ್ಟೇ." ಬಿಲ್ ಕೇಳಿದೆ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್, ಸುಮ್ನೆ ಯಾಕೆ? ನಾವು ಎಲ್ಲಿಗೆ ಹೋಗ್ತೀವಿ, ಇಲ್ಲೇ ಇರ್ತೀವಲ್ಲಾ." ಎಸ್ಟಿಮೇಟ್ ಅಂತ ಮೇಲೆ ಬರೆದಿದ್ದ ಒಂದು ಚೀಟಿ ಕೊಟ್ಟರು. ಅಂಗಡಿ ಹೆಸರಿಲ್ಲ, ಸೆಟ್ಟಿನ ನಂಬರ್ ಇಲ್ಲ. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಇಪ್ಪತ್ತು ವರ್ಷದಿಂದ ವ್ಯವಹಾರ ಮಾಡುತ್ತಿದ್ದೇನೆ, ಬಿಲ್ ಇಲ್ಲದೆ ಸಾಮಾನು ತಂದರೆ ಏನಾಗುತ್ತೆ ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಗೊತ್ತಿದ್ದೂ ಮೂರು ಸಾವಿರ ಉಳಿಸೋಕೆ ಹೋದೆ.

ಮೊದಲ ಎರಡು ಮೂರು ಸಣ್ಣ ಕಾರ್ಯಕ್ರಮಗಳಲ್ಲಿ ತೊಂದರೆ ಆಗಲಿಲ್ಲ. ನಾಮಕರಣ, ನಿಶ್ಚಿತಾರ್ಥ, ಎಲ್ಲಾ ಒಂದೇ ಹಾಲ್‌ನಲ್ಲಿ. ನೆಲಮಾಳಿಗೆಯಲ್ಲಿ ಮಾತ್ರ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಧ್ಯೆ ಮಧ್ಯೆ ಯಾರದೋ ಹಿಂದಿ ಮಾತೂ ಬರುತ್ತಿತ್ತು. ಎಲ್ಲಿಂದಲೋ ಬರುತ್ತೆ ಅಂದುಕೊಂಡು ಬಿಟ್ಟೆ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಆಮೇಲೆ ಆ ಮದುವೆ ಬಂತು.

ಬೆಳಿಗ್ಗೆ ಎಂಟಕ್ಕೇ ಕರೆಂಟ್ ಹೋಯಿತು. ಜನರೇಟರ್ ಹಾಕಿಸಿದೆ. ನಮ್ಮ ಜನರೇಟರ್ ನೋಡಿಕೊಳ್ಳುವ ಹುಡುಗ ಉತ್ತರದ ಕಡೆಯವನು, ಕನ್ನಡ ಇನ್ನೂ ಸರಿಯಾಗಿ ಬರಲ್ಲ. ಅವನ ಜೊತೆ ನಾನು ನನಗೆ ಬಂದಷ್ಟು ಹಿಂದಿಯಲ್ಲೇ ಮಾತಾಡೋದು. ಅವನ ಕೈಯಲ್ಲೂ ಒಂದು ಸೆಟ್ ಇತ್ತು. ಜನರೇಟರ್ ಸದ್ದಿಗೆ ಕೇಳಿಸಲಿ ಅಂತ ವಾಲ್ಯೂಮ್ ಪೂರ್ತಿ ಇಟ್ಟುಕೊಂಡು ಕಿವಿ ಪಕ್ಕದಲ್ಲೇ ಹಿಡಿದು ಕೂತಿರುತ್ತಿದ್ದ.

10.15ಕ್ಕೆ ಮುಹೂರ್ತ. ಹಾಲ್ ತುಂಬಿತ್ತು. ಅಕ್ಷತೆ ಎಲ್ಲರ ಕೈಗೂ ಬಂದಿತ್ತು. ಪುರೋಹಿತರು ಮಂತ್ರ ಹೇಳುತ್ತಾ ಗಟ್ಟಿಮೇಳ ಅನ್ನಬೇಕು, ಅಷ್ಟರಲ್ಲಿ ಮೈಕ್ ಸತ್ತುಹೋಯಿತು. ಲೈಟೂ ಹೋಯಿತು, ಫ್ಯಾನೂ ನಿಂತಿತು. ನಮ್ಮ ಹಾಲ್‌ಗೆ ಕಿಟಕಿ ಕಡಿಮೆ. ವಿಡಿಯೋದವರ ಬ್ಯಾಟರಿ ಲೈಟ್ ಒಂದೇ ಉರಿಯುತ್ತಿತ್ತು. ಆ ಬೆಳಕಲ್ಲಿ ತಾಳಿ ಕಟ್ಟಬೇಕಾಯಿತು. ನಾನು ಸೆಟ್ಟಿನ ಬಟನ್ ಒತ್ತಿ ಒತ್ತಿ ಕೂಗಿದೆ. ಉತ್ತರ ಇಲ್ಲ. ಸೆಟ್ಟಿನ ಬ್ಯಾಟರಿ ಮುಗಿದಿತ್ತು! ರಾತ್ರಿ ಪೂರ್ತಿ ಚಾರ್ಜ್ ಮಾಡಿದ್ದು ಹತ್ತು ಗಂಟೆಗೆ ಖಾಲಿ. ಓಡಿದೆ. ಹಿಂದಿನ ಬಾಗಿಲಿಂದ ಕಾಂಪೌಂಡಿನ ಮೂಲೆಗೆ ಓಡಿ ಹೋದರೆ ಹುಡುಗ ಜನರೇಟರ್ ಆಫ್ ಮಾಡಿ ನಿಂತಿದ್ದಾನೆ.

"ಯಾರು ಹೇಳಿದ್ದು ನಿಂಗೆ ಆಫ್ ಮಾಡು ಅಂತ?"

"ನೀವೇ ಹೇಳಿದ್ರಲ್ಲಾ ಸಾಬ್. ಬಂದ್ ಕರೋ, ಬಂದ್ ಕರೋ ಅಂದ್ರಿ."

ನಾನು ಹೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿತು. ಬಾಯಿಗೆ ಬಂದಂತೆ ಬೈದೆ. ಅಡುಗೆ ಭಟ್ಟರು, ಬಡಿಸುವ ಹುಡುಗರು, ಬೀಗರ ಕಡೆಯವರು ಇಬ್ಬರು, ಎಲ್ಲರೂ ನೋಡುತ್ತಿದ್ದರು. ಅವನು ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ, ಇದರಲ್ಲೇ ಬಂತು ಅನ್ನೋ ಹಾಗೆ. ನಾನು ಕಿತ್ತುಕೊಂಡೆ. ಜನರೇಟರ್ ಮತ್ತೆ ಶುರುವಾಗಿ ಲೈಟ್ ಬರೋ ಹೊತ್ತಿಗೆ ಮುಹೂರ್ತ ಮುಗಿದೇ ಹೋಗಿತ್ತು. ಹುಡುಗಿಯ ತಂದೆ ಬಂದು "ಏನ್ರೀ ಇದು, ನಿಮ್ಮನ್ನ ನಂಬಿ ಕೊಟ್ಟಿದ್ದೆ" ಅಂದರು. ಅಷ್ಟೇ ಅಂದಿದ್ದು. ಕೂಗಾಡಿದ್ದರೆ ವಾಸಿ ಇತ್ತು.

ಸಂಜೆ ಆ ಹುಡುಗ ಸಂಬಳದ ಲೆಕ್ಕ ಮಾಡಿಸಿಕೊಂಡು ಹೊರಟುಹೋದ.

ನಾಲ್ಕು ದಿನ ಬಿಟ್ಟು ನಮ್ಮ ಬೀದಿಯ ಹಿರಿಯರೊಬ್ಬರು ಛತ್ರಕ್ಕೆ ಬಂದಿದ್ದರು. ಪೊಲೀಸ್ ವೈರ್‌ಲೆಸ್‌ನಲ್ಲಿದ್ದು ರಿಟೈರ್ ಆದವರು, ಹ್ಯಾಮ್ ರೇಡಿಯೋ ಹವ್ಯಾಸ ಇದೆ. ಮೇಜಿನ ಮೇಲಿದ್ದ ಸೆಟ್ ಎತ್ತಿಕೊಂಡರು. ಮೊದಲು ಮಾಡಿದ ಕೆಲಸ, ಬ್ಯಾಟರಿ ಬಿಚ್ಚಿದ್ದು. ಒಳಗಡೆಯೂ ಅದೇ "446" ಸ್ಟಿಕ್ಕರ್ ಇತ್ತು. ಹೆಬ್ಬೆರಳಿನ ಉಗುರಿನಿಂದ ಅದರ ಅಂಚನ್ನು ನಿಧಾನಕ್ಕೆ ಕೆರೆದರು. ಸ್ಟಿಕ್ಕರ್ ಸುರುಳಿ ಸುತ್ತಿಕೊಂಡು ಎದ್ದು ಬಂತು. ಅದರ ಕೆಳಗೆ ಇನ್ನೊಂದು ಲೇಬಲ್. ಕಂಪನಿಯದ್ದು. ಅದರಲ್ಲಿ 400–470 ಮೆಗಾಹರ್ಟ್ಸ್, 5 ವ್ಯಾಟ್ ಅಂತ ಇತ್ತು. ಇಟಿಎ ಅನ್ನೋ ಮಾತೇ ಇರಲಿಲ್ಲ. ಬ್ಯಾಟರಿಯದ್ದೂ ಹಾಗೇ. ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ ಮೇಲೆ 2800 ಎಂಎಎಚ್, ಕೆರೆದರೆ ಕೆಳಗೆ 1500.

ನನಗೆ ಆಗ ಹೇಗಾಯಿತು ಅಂತ ಬರೆಯೋಕೆ ಬರುತ್ತಿಲ್ಲ. ಆರೂ ಸೆಟ್ ತಂದು ಒಂದೊಂದಾಗಿ ಕೆರೆದೆ. ಆರರಲ್ಲೂ ಅದೇ.

ಆಮೇಲೆ ಅವರು ಮನೆಯಿಂದ ಫ್ರೀಕ್ವೆನ್ಸಿ ಅಳೆಯೋ ಸಣ್ಣ ಯಂತ್ರ ತಂದು ಬಟನ್ ಒತ್ತಿಸಿದರು. ನಾವು ಮಾತಾಡುತ್ತಿದ್ದ ಒಂದನೇ ಚಾನೆಲ್ 462 ಚಿಲ್ಲರೆ ತೋರಿಸಿತು. ನಮ್ಮ ದೇಶದಲ್ಲಿ ಇಂಥ ವಾಕಿ ಟಾಕಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿರೋದು 446.0ರಿಂದ 446.2 ಮೆಗಾಹರ್ಟ್ಸ್ ಮಾತ್ರ, ಅದೂ ಕಡಿಮೆ ಪವರ್‌ನಲ್ಲಿ. 2018ರ ನಿಯಮ ಅದು. ಅದರ ಆಚೆ ಹೋದರೆ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ಅನ್ನೋ ವೈರ್‌ಲೆಸ್ ವಿಭಾಗದಿಂದ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಇಂಥ ಸೆಟ್ ಇಟ್ಟುಕೊಳ್ಳೋದೇ ಅಪರಾಧ. ಅಂದರೆ ನಾನು ಇಷ್ಟು ದಿನ ನಮ್ಮ ಹುಡುಗರ ಕೈಗೆ ಕಾನೂನಿಗೆ ವಿರುದ್ಧವಾದ ಸಾಮಾನು ಕೊಟ್ಟು ಓಡಾಡಿಸಿದ್ದೆ.

ಅವರು ಸೆಟ್ಟನ್ನು ಆನ್ ಮಾಡಿಟ್ಟು ಮಾತಾಡುತ್ತಿದ್ದರು. ಆಗ ಅದರಲ್ಲಿ ಸ್ಪಷ್ಟವಾಗಿ ಒಂದು ಗಂಡಸಿನ ದನಿ ಬಂತು. "ರೋಕೋ, ರೋಕೋ. ಬಂದ್ ಕರೋ."

ಪಕ್ಕದ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಕ್ರೇನ್‌ನವರು. ಅವರ ಹತ್ತಿರವೂ ಇಂಥದ್ದೇ ಸೆಟ್. ಇವೆಲ್ಲಾ ಫ್ಯಾಕ್ಟರಿಯಿಂದ ಒಂದೇ ಚಾನೆಲ್, ಒಂದೇ ಟೋನ್ (ಬೇರೆ ಗುಂಪಿನ ಮಾತು ಕೇಳಿಸದ ಹಾಗೆ ತಡೆಯೋ ಗುರುತಿನ ಸದ್ದು) ಹಾಕಿಕೊಂಡು ಬರುತ್ತವಂತೆ. ಮಾರುವವರು ಅದನ್ನು ಬದಲಾಯಿಸಿ ಕೊಡಬೇಕು. ನಮ್ಮ ಅಂಗಡಿಯವರು ಡಬ್ಬಿಯಿಂದ ತೆಗೆದು ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದಾರೆ, ಅಷ್ಟೇ. ಬಯಲಲ್ಲಿ ಕೂತಿದ್ದ ಹುಡುಗನಿಗೆ ಕ್ರೇನ್‌ನವರ ದನಿ ನನ್ನದಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು. ನಾನಿರೋದು ಕಾಂಕ್ರೀಟ್ ಒಳಗೆ.

ಹುಡುಗ ಸುಳ್ಳು ಹೇಳಿರಲಿಲ್ಲ.

ಅವತ್ತೇ ಅಂಗಡಿಗೆ ಫೋನ್ ಮಾಡಿದೆ. ಅವರ ಮಾತುಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದನ್ನೇ ಹೇಳುತ್ತಾರೆ.

ಬೇರೆಯವರ ದನಿ ಬರುತ್ತೆ ಅಂದೆ. "ಚಾನೆಲ್ ಬದಲಾಯಿಸಿ ಸರ್, 16 ಇದೆಯಲ್ಲಾ."

ನೆಲಮಾಳಿಗೆಗೆ ಕೇಳಿಸಲ್ಲ, 10 ಕಿಲೋಮೀಟರ್ ಅಂದಿದ್ರಲ್ಲಾ ಅಂದೆ. "ಅದು ಓಪನ್ ಗ್ರೌಂಡಲ್ಲಿ ಸರ್. ನಿಮ್ಮ ಬಿಲ್ಡಿಂಗ್ ಪ್ರಾಬ್ಲಮ್."

ಬ್ಯಾಟರಿ ನಿಲ್ಲಲ್ಲ ಅಂದೆ. "ನೀವು ರಾತ್ರಿಯೆಲ್ಲಾ ಚಾರ್ಜರಲ್ಲೇ ಬಿಟ್ಟಿರ್ತೀರ." ರಾತ್ರಿಯೆಲ್ಲಾ ಬಿಡಿ ಅಂದಿದ್ದು ಅವರೇ! ಅದನ್ನು ಹೇಳಿದೆ. "ನಾನು ಹಂಗಂದಿಲ್ಲ ಸರ್. ನಿಮ್ಮ ಹುಡುಗರು ಆಂಟೆನಾ ಹಿಡ್ಕೊಂಡು ತೂಗಾಡಿಸ್ತಾರೆ, ಎಲ್ಲಾ ಛತ್ರದಲ್ಲೂ ಇದೇ ಕಥೆ."

ಸ್ಟಿಕ್ಕರ್ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "446 ಅನ್ನೋದು 400ರಿಂದ 470ರ ಒಳಗೇ ಬರುತ್ತಲ್ಲಾ ಸರ್?"

ಈ ಮಾತು ಕೇಳಿ ನನ್ನ ಕೈ ನಡುಗಿತು. ಅವರಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದ್ದು.

ಲೈಸೆನ್ಸ್ ಬೇಕಂತಲ್ಲಾ, ನಾಳೆ ಯಾರಾದರೂ ಬಂದು ಕೇಳಿದರೆ ಅಂದೆ. "ಎಲ್ಲರೂ ಇಟ್ಕೊಂಡಿದ್ದಾರೆ ಸರ್, ಯಾರೂ ಕೇಳಲ್ಲ."

ಮಾರನೇ ದಿನ ಆರೂ ಸೆಟ್ ಚೀಲಕ್ಕೆ ಹಾಕಿಕೊಂಡು ಅಂಗಡಿಗೇ ಹೋದೆ. ದುಡ್ಡು ವಾಪಸ್ ಕೊಡಿ ಅಂದೆ. ಅವತ್ತು ಟೀ ತರಿಸಿದ್ದ ಅದೇ ಮನುಷ್ಯ, ಚೀಟಿ ತಿರುಗಿಸಿ ನೋಡಿ, "ಇದು ನಮ್ಮದು ಅಂತ ಎಲ್ಲಿದೆ ಸರ್? ಬಿಲ್ ತೋರಿಸಿ" ಅಂದರು. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ನಿಂತಿದ್ದ. ಅವನ ಕೈಯಲ್ಲೂ ಒಂದು ಸೆಟ್. ಹುಡುಗ ರಸ್ತೆ ದಾಟಿ ಹೋಗುತ್ತಿದ್ದ. "ಹಲೋ ಸರ್, ಕೇಳಿಸ್ತಾ ಇದೆಯಾ?"

ಗ್ರಾಹಕರ ಸಹಾಯವಾಣಿ 1915 ಇದೆ, ಅಲ್ಲಿಗೆ ಹೇಳಬಹುದು. ಆದರೆ ಕೈಯಲ್ಲಿ ಬಿಲ್ ಇದ್ದರೆ ಮಾತಿಗೆ ಬಲ. ನನ್ನ ಹತ್ತಿರ ಇರೋದು ಹೆಸರಿಲ್ಲದ ಚೀಟಿ. ಆನ್‌ಲೈನ್‌ನಲ್ಲಿ ತಗೊಳ್ಳುವವರೂ ಹುಷಾರು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಾಕಿ ಟಾಕಿ ವಿಷಯಕ್ಕೆ ಆನ್‌ಲೈನ್ ಮಾರಾಟದವರಿಗೆ ನೋಟಿಸ್ ಕೊಟ್ಟು, ಫ್ರೀಕ್ವೆನ್ಸಿ ಮತ್ತು ಇಟಿಎ ವಿವರ ಇಲ್ಲದೆ ಮಾರಬಾರದು ಅಂತ ಮಾರ್ಗಸೂಚಿ ತಂದಿದೆ. ಅಂದರೆ ನನ್ನ ಹಾಗೆ ಮೋಸ ಹೋದವರು ತುಂಬಾ ಜನ ಇದ್ದಾರೆ.

ತಗೊಳ್ಳಲೇಬೇಕು ಅಂದರೆ ಇಷ್ಟು ಮಾಡಿ. ಅಂಗಡಿಯಲ್ಲೇ ಬ್ಯಾಟರಿ ಬಿಚ್ಚಿಸಿ, ಲೇಬಲ್ ಮೇಲೆ ಉಗುರು ಹಾಕಿ ನೋಡಿ. ಬೇಡ ಅಂದರೆ ಎದ್ದು ಬನ್ನಿ. ಇಟಿಎ ಸರ್ಟಿಫಿಕೇಟ್ ಪ್ರತಿ ಕೇಳಿ, ಅದರಲ್ಲಿರೋ ಮಾಡೆಲ್ ನಂಬರ್ ಮತ್ತು ಸೆಟ್ಟಿನ ಮೇಲಿರೋ ಮಾಡೆಲ್ ನಂಬರ್ ಒಂದೇನಾ ನೋಡಿ. ಎರಡು ಸೆಟ್ ಮಾತ್ರ ತಂದು ನಿಮ್ಮ ನೆಲಮಾಳಿಗೆಯಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಮಾತಾಡಿ ನೋಡಿ, ಆಮೇಲೆ ಉಳಿದದ್ದು. 18 ಪರ್ಸೆಂಟ್ ಹೋದರೆ ಹೋಗಲಿ, ಬಿಲ್ ಬಿಡಬೇಡಿ. ಬಿಲ್ ಬಿಡಬೇಡಿ.

ಇಟ್ಟುಕೊಳ್ಳೋ ವಿಷಯಕ್ಕೆ ಆ ಹಿರಿಯರು ಹೇಳಿಕೊಟ್ಟಿದ್ದು ಇದು. ಹಸಿರು ಲೈಟ್ ಬಂದ ಮೇಲೆ ಚಾರ್ಜರಿಂದ ತೆಗೆಯಿರಿ. ಅಡುಗೆಮನೆಯ ಎಣ್ಣೆ ಹೊಗೆಗೆ ಬ್ಯಾಟರಿಯ ಹಿತ್ತಾಳೆ ಬಣ್ಣದ ಪಟ್ಟಿ ಜಿಡ್ಡಾಗುತ್ತೆ, ಪೆನ್ಸಿಲ್ ರಬ್ಬರಿಂದ ಉಜ್ಜಿ ಒರೆಸಿ. ಆಂಟೆನಾ ಹಿಡಿದು ಎತ್ತಬೇಡಿ. ಆಂಟೆನಾ ಬಿಚ್ಚಿದ್ದಾಗ ಬಟನ್ ಒತ್ತಲೇಬೇಡಿ, ಸೆಟ್ ಸುಟ್ಟುಹೋಗಬಹುದು. ಆಷಾಢದಲ್ಲಿ ಮದುವೆ ಇಲ್ಲದೆ ಸುಮ್ಮನೆ ಇಡುವಾಗ ಅರ್ಧ ಚಾರ್ಜ್ ಇಟ್ಟು ಬ್ಯಾಟರಿ ಬೇರೆ ತೆಗೆದಿಡಿ. ಬಟನ್ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ಹೋಗುತ್ತೆ. ಎಲ್ಲಕ್ಕಿಂತ ಮುಖ್ಯ, ಯಾರು ಯಾರಿಗೆ ಹೇಳುತ್ತಿದ್ದೀರಿ ಅಂತ ಹೆಸರು ಹೇಳಿಯೇ ಶುರು ಮಾಡಿ. ಹೆಸರಿಲ್ಲದೆ ಬಂದ ಮಾತಿಗೆ ಯಾರೂ ಕೆಲಸ ಮಾಡಬಾರದು. 446ರ ಸರಿಯಾದ ಸೆಟ್‌ನಲ್ಲೂ ಬೇರೆಯವರ ದನಿ ಬರಬಹುದು, ಅದು ಎಲ್ಲರಿಗೂ ಬಿಟ್ಟಿರೋ ಜಾಗ. ಈ ಒಂದು ಅಭ್ಯಾಸ ನಾನು ಮೊದಲ ದಿನವೇ ಮಾಡಿಸಿದ್ದರೆ ಆ ಹುಡುಗ ಜನರೇಟರ್ ಮುಟ್ಟುತ್ತಲೇ ಇರಲಿಲ್ಲ.

ಅವನನ್ನು ಹುಡುಕಿದೆ. ಗುಬ್ಬಿ ಕಡೆ ಒಂದು ಶಾಮಿಯಾನದವರ ಜೊತೆ ಇದ್ದ. ಹೋಗಿ ತಪ್ಪಾಯಿತು ಅಂದೆ, ವಾಪಸ್ ಬಾ ಅಂದೆ. "ಪರವಾಗಿಲ್ಲ ಸಾಬ್" ಅಂದ. ಬರಲಿಲ್ಲ.

ಆರು ಸೆಟ್ ಬೀರುವಿನಲ್ಲಿ ಬ್ಯಾಟರಿ ಬಿಚ್ಚಿ ಇಟ್ಟಿದ್ದೇನೆ. ಪರಿಚಯದ ಶಾಮಿಯಾನದವರು ಒಬ್ಬರು ಸೆಟ್ಟಿಗೆ ಸಾವಿರದಂತೆ ಕೊಡ್ತೀನಿ, ನಮಗೆ ಕೊಡಿ ಅಂತ ಎರಡು ಸಲ ಕೇಳಿದರು. ಕೊಡಲಿಲ್ಲ.