ಹಳೆಯ ಕಾರು ಕೊಳ್ಳುವ ಮುನ್ನ ಮಾಡಿಸಿದ ತಪಾಸಣೆ: ಬದಿಯಡ್ಕದ ಒಂದು ವರ್ಕ್‌ಶಾಪ್

ಎರಡು ಲಕ್ಷ ರೂಪಾಯಿಯೊಳಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಿಗೆ ಕಾಸರಗೋಡು ಜಿಲ್ಲೆಯಲ್ಲಿ ಕಾರುಗಳು ಬೇಕಾದಷ್ಟು ಸಿಗುತ್ತವೆ, ಆದರೆ ಮಾರಾಟದಲ್ಲಿ ತನ್ನ ಪಾಲೇನೂ ಇಲ್ಲದೆ ಆ ಕಾರನ್ನು ನೋಡಿ ಹೇಳುವವರು ಸಿಗುವುದು ಕಷ್ಟ. ಬದಿಯಡ್ಕ ಪೇಟೆಯಿಂದ ತುಸು ಆಚೆಗಿರುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನಗೆ ಅಂಥ ಸೇವೆ ದೊರೆಯಿತು. ಅಲ್ಲಿ ಕಾರು ಮಾರುವುದಿಲ್ಲ, ಕಮಿಷನ್ ಪಡೆಯುವುದೂ ಇಲ್ಲ; ಕಾರನ್ನು ಅಲ್ಲಿಗೆ ತಂದರೆ 1,200 ರೂಪಾಯಿಗೆ ಪೂರ್ತಿ ಪರೀಕ್ಷಿಸಿ, ಮುಂದಿನ ಒಂದು ವರ್ಷದಲ್ಲಿ ಏನೇನು ಖರ್ಚು ಬರಬಹುದೆಂದು ಅಂದಾಜು ಕೊಡುತ್ತಾರೆ.

ನಾನು ಮೊದಲು ಒಯ್ದ ಕಾರಿನ ಬಾನೆಟ್ ಮುಟ್ಟಿದ ಕೂಡಲೇ ಮೇಸ್ತ್ರಿ, "ಮಾಷ್ಟ್ರೇ, ಎಂಜಿನ್ ಬಿಸಿಯಾಗಿದೆ, ತಣಿಯದೆ ನೋಡಿ ಪ್ರಯೋಜನವಿಲ್ಲ" ಎಂದು ಹೇಳಿ ಅದನ್ನು ಮರುದಿನದವರೆಗೆ ಅಲ್ಲಿಯೇ ನಿಲ್ಲಿಸಿಕೊಂಡರು. ಮರುದಿನ ಬೆಳಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಅಂದರೆ ಎಂಜಿನ್ ಒಳಗೆ ಆಯಿಲ್ ಉರಿಯುತ್ತಿತ್ತು. ಬಿಸಿ ಎಂಜಿನ್ನಿನಲ್ಲಿ ಇಂಥ ಹೊಗೆ ಕಾಣದೇ ಹೋಗಬಹುದು ಎಂಬುದನ್ನು ಮಾರುವವರು ಚೆನ್ನಾಗಿ ಬಲ್ಲರು.

ನಮ್ಮ ಕಡೆಯ ಕಾರುಗಳಿಗೆ ಎಂಜಿನ್ನಿಗಿಂತಲೂ ತಳಭಾಗದ ಪರೀಕ್ಷೆ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಎಂಜಿನ್ನಿನ ದೋಷವನ್ನು ದುಡ್ಡು ಕೊಟ್ಟು ಸರಿಪಡಿಸಬಹುದು, ತುಕ್ಕು ತಿಂದ ಚಾಸಿಯನ್ನು, ಅಂದರೆ ಕಾರಿನ ತಳದ ಚೌಕಟ್ಟನ್ನು, ಕಡಿಮೆ ದುಡ್ಡಿನಲ್ಲಿ ಯಾರೂ ಸರಿಪಡಿಸಲಾರರು. ಕಡಲಿನ ಉಪ್ಪುಗಾಳಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೂ ಸೇರಿ ಬಾಗಿಲ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗ ಮತ್ತು ಡಿಕ್ಕಿಯ ತಳವನ್ನು ಒಳಗಿಂದಲೇ ತಿನ್ನುತ್ತವೆ. ಮೇಸ್ತ್ರಿ ಕಾರನ್ನು ಲಿಫ್ಟಿಗೇರಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಸದ್ದು ಆಲಿಸಿದರು. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದಲ್ಲಿ, ಅದರಡಿ ತುಕ್ಕು ಅಡಗಿರಬಹುದೆಂದು, ಇನ್ನೂ ಹೆಚ್ಚು ಹೊತ್ತು ನಿಂತರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಎಂದೂ ನೋಡಿದರು, ನೆರೆನೀರಿನಲ್ಲಿ ಮುಳುಗಿದ ಕಾರನ್ನು ಹೊರಗೆ ಎಷ್ಟು ತೊಳೆದರೂ ಆ ಗೆರೆ ಅಲ್ಲಿ ಉಳಿದುಬಿಡುತ್ತದೆ. ಟಯರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ, 2319 ಎಂದಿದ್ದರೆ 2019ರ 23ನೆಯ ವಾರ. ಮೀಟರಿನ ಕಿಲೋಮೀಟರ್ ಮತ್ತು ಟಯರಿನ ವಯಸ್ಸು ಒಂದಕ್ಕೊಂದು ಹೊಂದದಿದ್ದರೆ ಸರ್ವಿಸ್ ದಾಖಲೆ ಕೇಳಲೇಬೇಕೆಂದು ಅವರು ಹೇಳಿದರು.

ಈ ಸೇವೆಯ ದೊಡ್ಡ ಕೊರತೆಯೆಂದರೆ ಕಾಗದಪತ್ರಗಳನ್ನು ಅವರು ನೋಡುವುದಿಲ್ಲ. ಗಡಿನಾಡಿನವರಿಗೆ ಅರ್ಧ ತೊಂದರೆ ಇರುವುದೇ ಅಲ್ಲಿ. ತಲಪಾಡಿಯ ಗಡಿ ದಾಟಿ ಮಂಗಳೂರಿನಲ್ಲಿ ಕೆಎ 19 ನೋಂದಣಿಯ ಕಾರು ಕಡಿಮೆ ಬೆಲೆಗೆ ಕಂಡರೂ, ಮೂಲ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು, ಬಾಕಿ ದಂಡಗಳನ್ನು ತೀರಿಸಬೇಕು, ಉಳಿದ ಅವಧಿಗೆ ಕೇರಳದ ತೆರಿಗೆ ಕಟ್ಟಬೇಕು. ಬೇರೆ ರಾಜ್ಯದ ಸಂಖ್ಯೆಯ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನ ಪ್ರಕಾರ ಇಲ್ಲಿನ ಸಂಖ್ಯೆ ಪಡೆಯಲೇಬೇಕು. ಸಾಲದ ನಮೂದು ಆರ್‌ಸಿಯಲ್ಲಿ ಇದ್ದರೆ ಬ್ಯಾಂಕಿನ ಪತ್ರ ಮತ್ತು ಆ ನಮೂದನ್ನು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಮುಂಗಡ ಕೊಡುವುದು ಸರಿಯಲ್ಲ. ಹದಿನೈದು ವರ್ಷ ಸಮೀಪಿಸಿದ ಕಾರಿನ ಅಗ್ಗದ ಬೆಲೆಗೂ ಮರುಳಾಗಬಾರದು: 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣದ ಕೇಂದ್ರ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿತು. ಇವನ್ನೆಲ್ಲ ಲೆಕ್ಕ ಹಾಕಿದ ಮೇಲೆ ನಾನು ಕೆಎಲ್ 14ರ, ಅಂದರೆ ಕಾಸರಗೋಡಿನದೇ ನೋಂದಣಿಯ, ಕಾರನ್ನೇ ಆರಿಸಿದೆ. ವಿಮೆ ನಮ್ಮ ಹೆಸರಿಗೆ ಬಂದಾಗ ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಜೊತೆಗೆ ಬರುವುದಿಲ್ಲ, ಅದಕ್ಕೂ ಹಣ ತೆಗೆದಿಡಬೇಕು.

ಎರಡನೆಯ ಕಾರಿನ ತಪಾಸಣೆಯಲ್ಲಿ ಕ್ಲಚ್ ಪ್ಲೇಟ್ ಸವೆದಿರುವುದು ತಿಳಿಯಿತು, ಅದರ ಖರ್ಚನ್ನು ಮುಂದಿಟ್ಟು ಮಾತನಾಡಿದಾಗ ಮಾಲೀಕರು 9,000 ರೂಪಾಯಿ ಇಳಿಸಿದರು. ವರ್ಕ್‌ಶಾಪಿನವರು ವರದಿಯನ್ನು ಕೈಬರಹದಲ್ಲಿ, ಒಂದೇ ಹಾಳೆಯಲ್ಲಿ ಕೊಡುತ್ತಾರೆ. ಏಸಿಯ ಗ್ಯಾಸ್ ಒತ್ತಡ ಅಳೆಯುವ ವ್ಯವಸ್ಥೆ ಅಲ್ಲಿಲ್ಲ. ಹೀಗಿದ್ದರೂ ಕೊಟ್ಟ ಹಣಕ್ಕೆ ಪೂರ್ತಿ ನ್ಯಾಯ ಸಿಕ್ಕಿದೆ. ಲಿಫ್ಟ್ ಒಂದೇ ಇರುವುದರಿಂದ ಮೊದಲೇ ಫೋನ್ ಮಾಡಿ ಹೋಗಬೇಕು, ಮತ್ತು ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಡಲು ಮಾರುವವರನ್ನು ಒಪ್ಪಿಸಿಕೊಳ್ಳಬೇಕು.